ತಿದ್ದಬಾರದಾಗಿದ್ದ ತಪ್ಪು

"ಲೇನಾ ಹೈ ಕಿ ಖಾಲಿ ಪಢನಾ ಹೈ?"

ಕೊಳ್ಳುವುದುಂಟೋ, ಬರೀ ಓದುವುದೋ ಎಂದು ಅಂಗಡಿಯವನು ಮತ್ತೆ ಕೇಳಿದ. ಉಲ್ಹಾಸನಗರದ ಆ ಹಳೆಯ ಪುಸ್ತಕದ ಗೂಡಂಗಡಿಯ ಮುಂದೆ ಅಕ್ಕು ಒಂದೇ ಪುಸ್ತಕ ಹಿಡಿದು ಬಹಳ ಹೊತ್ತಿನಿಂದ ನಿಂತಿದ್ದಳು. ಹಿಂದಿದ್ದ ಗಿರಾಕಿಗಳು ಅವಳ ಭುಜದ ಮೇಲಿಂದಲೇ ಕೈ ಚಾಚಿ ಗೈಡುಗಳನ್ನು ಎಳೆಯುತ್ತಿದ್ದರು.

"ಲೇನಾ ಹೈ ಭಾಯ್, ಲೇನಾ ಹೈ. ಪೆಹಲೇ ದೇಖನೇ ತೋ ದೋ," ಕೊಳ್ಳುತ್ತೇನೆ, ಮೊದಲು ನೋಡಲು ಬಿಡು ಎಂದಳು ಅಕ್ಕು, ತಲೆ ಎತ್ತದೆ.

ಪುಸ್ತಕದ ರಟ್ಟಿನ ಮೇಲೆ ವಾಶಿಯ ಶೃಂಗ ಅಕಾಡೆಮಿಯ ಹೆಸರು ಬಂಗಾರದ ಅಕ್ಷರದಲ್ಲಿತ್ತು. ಇದು ಅಂಗಡಿಯಲ್ಲಿ ಮಾರುವ ಪುಸ್ತಕವಲ್ಲ. ಅಕಾಡೆಮಿಗೆ ಸೇರಿದ ಮಕ್ಕಳ ಕೈಗೆ ಮಾತ್ರ ಕೊಡುತ್ತಾರಂತೆ. ಆದರೆ ಪರೀಕ್ಷೆ ಮುಗಿದ ಮೇಲೆ ಎಂಥಾ ಬಂಗಾರದ ಅಕ್ಷರವೂ ರದ್ದಿಯೇ. ಕಲ್ಯಾಣದ ಸುತ್ತಮುತ್ತಲಿನ ರದ್ದಿಯೆಲ್ಲ ಒಂದಲ್ಲ ಒಂದು ದಿನ ಉಲ್ಹಾಸನಗರಕ್ಕೇ ಬಂದು ಬೀಳಬೇಕು. ಇದು ಗೊತ್ತಿಲ್ಲದವನು ಈ ಕಡೆ ಪತ್ತೇದಾರಿಕೆ ಮಾಡಲಾರ.

ಅಕ್ಕುವಿಗೆ ಬೇಕಿದ್ದದ್ದು ಒಂದೇ ಲೆಕ್ಕ. ಅದು ಸಿಕ್ಕಿತ್ತು.

ಒಂದು ರೈಲು ಠಾಣೆಯಿಂದ ಕಲ್ಯಾಣಕ್ಕೆ ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ ಅರವತ್ತರ ವೇಗದಲ್ಲಿ ಮರಳಿತು. ಸರಾಸರಿ ವೇಗ ಎಷ್ಟು? ಅಕಾಡೆಮಿಯ ಪುಸ್ತಕದಲ್ಲಿ ಉತ್ತರ ನಲವತ್ತು ಎಂದಿತ್ತು.

ಡೊಂಬಿವಲಿಯ ಕನ್ನಡ ಶಾಲೆಯ ಗಣಿತದ ಟೀಚರ್ ಜಾನಕಿಯ ಹಾಳೆಯಲ್ಲೂ ಇದೇ ರೈಲು, ಇದೇ ದಾರಿ. ಉತ್ತರ ಮಾತ್ರ ನಲವತ್ತೈದು.

ಆ ಐದರ ವ್ಯತ್ಯಾಸದಿಂದ ಜಾನಕಿಯ ಕೆಲಸ ಹೋಗುವ ಹೊತ್ತು ಬಂದಿತ್ತು. ತಮ್ಮ ಪುಸ್ತಕ 2011ರದು, ಜಾನಕಿ ಅದನ್ನು ಕದ್ದು 2013ರಲ್ಲಿ ಅಂತರ್ಜಾಲದಲ್ಲಿ ಪುಕ್ಕಟೆ ಹಂಚಿದ್ದಾಳೆ ಎಂದು ಶೃಂಗ ಅಕಾಡೆಮಿ ವಕೀಲರ ನೋಟಿಸು ಕಳಿಸಿತ್ತು. ಜೊತೆಗೆ ಈ ಪುಟದ ಒಂದು ಫೋಟೋ. "ಕದಿಯುವಾಗಲೂ ಸರಿಯಾಗಿ ಕದಿಯಲು ಬಾರದವರು ಮಕ್ಕಳಿಗೆ ಏನು ಕಲಿಸುತ್ತಾರೆ?" ಎಂಬ ಒಗ್ಗರಣೆ ಬೇರೆ. ಶಾಲೆಯ ಆಡಳಿತ ಮಂಡಳಿಯವರು ಆ ಮಾತಿಗೇ ಬಿದ್ದುಹೋದರು. ಸೋಮವಾರದೊಳಗೆ ಕ್ಷಮಾಪಣೆ ಬರೆದುಕೊಟ್ಟು, ಹಾಳೆಗಳನ್ನೆಲ್ಲ ಅಳಿಸಿ, ಕೆಲಸ ಬಿಡಬೇಕು. ಇಲ್ಲವೇ ಕದ್ದಿಲ್ಲವೆಂದು ಸಾಬೀತು ಮಾಡಬೇಕು. ಇವತ್ತು ಶನಿವಾರ.

ನಲವತ್ತೈದು ಬೇಕೆಂದೇ ಇಟ್ಟ ತಪ್ಪು ಎಂದು ಜಾನಕಿ ಹೇಳಿದಾಗ ಅಕ್ಕು ನಂಬಿರಲಿಲ್ಲ. ಆಮೇಲೆ ನಂಬಿದ್ದಳು. ಏಕೆಂದರೆ ಆ ಪ್ರಶ್ನೆ ಕೇಳಿದೊಡನೆ ಅವಳ ಬಾಯಿಂದ ಬಂದದ್ದೂ "ನಲವತ್ತೈದು, ಮತ್ತೆಂತ?" ಎಂಬ ಉತ್ತರವೇ.

"ನೀವೂ ಬಿದ್ರಿ ನೋಡಿ!" ಎಂದು ಆ ಚಿಂತೆಯ ನಡುವೆಯೂ ಜಾನಕಿ ನಕ್ಕಿದ್ದಳು. "ದಾರಿ ಇಪ್ಪತ್ತು ಕಿಲೋಮೀಟರ್ ಅಕ್ಕು. ಹೋಗಕ್ಕೆ ನಲವತ್ತು ನಿಮಿಷ, ಬರಕ್ಕೆ ಇಪ್ಪತ್ತು. ಒಂದು ಗಂಟೇಲಿ ಓಡಿದ್ದು ನಲವತ್ತೇ ತಾನೆ? ಮಕ್ಕಳು ನನ್ನ ಉತ್ತರ ತಪ್ಪು ಅಂತ ಎದ್ದು ನಿಂತು ಜಗಳ ಆಡ್ಬೇಕು. ಅದಕ್ಕೇ ಹಾಗಿಟ್ಟಿದ್ದು. ಟೀಚರ್ ಹೇಳಿದ್ದೆಲ್ಲ ಸರಿ ಅಂತ ಬರ್ಕೊಳ್ಳೋ ಮಕ್ಕಳಿಗೆ ಗಣಿತ ಬರಲ್ಲ."

"ಇದು ಬೇಕೆಂದೇ ಮಾಡಿದ ತಪ್ಪು ಅಂತ ಎಲ್ಲಿಯಾದರೂ ಬರೆದಿದ್ದೀರಾ?"

"ಇಲ್ಲ. ಬರೆದ್ರೆ ಮಕ್ಕಳು ನೆಟ್ಟಲ್ಲಿ ನೋಡ್ಬಿಡ್ತಾರೆ. ಶಿಕ್ಷಕರ ಶಿಬಿರದಲ್ಲಿ ಬಾಯಲ್ಲೇ ಹೇಳ್ತಿದ್ವಿ."

ಎಲ್ಲವನ್ನೂ ಊರಿಗೆಲ್ಲ ಹಂಚಿದರು, ಗುಟ್ಟೊಂದನ್ನು ಮಾತ್ರ ಬಾಯಲ್ಲೇ ಇಟ್ಟುಕೊಂಡರು! ಮೇಷ್ಟರುಗಳ ಬುದ್ಧಿವಂತಿಕೆ ಹೀಗೇ ಇರುತ್ತದೆ ಎಂದು ಅಕ್ಕುವಿಗೆ ಆಗ ಸಿಟ್ಟು ಬಂದಿತ್ತು.

ಈಗ ಅವಳು ಅಕಾಡೆಮಿಯ ಪುಸ್ತಕದ ಪುಟವನ್ನು ತಿರುಗಿಸಿದಳು. ನೋಟಿಸಿನ ಫೋಟೋದಲ್ಲಿ ಹಿಂಬದಿ ಇರಲಿಲ್ಲ.

ಹಿಂಬದಿಯ ನಾಲ್ಕನೆಯ ಪ್ರಶ್ನೆ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಕೂತಿತ್ತು: ಹಾಗಾದರೆ ಉಳಿದ ಐದು ಕಿಲೋಮೀಟರ್ ಎಲ್ಲಿ ಹೋಯಿತು?

ಅಕ್ಕು ಅದನ್ನು ಮತ್ತೆ ಓದಿದಳು. ಯಾವ ಐದು ಕಿಲೋಮೀಟರ್? ಉತ್ತರ ನಲವತ್ತೈದು ಎಂದಿದ್ದರೆ, ಓಡಿದ್ದು ನಲವತ್ತು, ಉಳಿದ ಐದು ಎಲ್ಲಿ ಎಂದು ಕೇಳಬಹುದು. ಜಾನಕಿಯ ಹಾಳೆಯಲ್ಲಿ ಆ ಪ್ರಶ್ನೆ ಇದ್ದದ್ದೇ ಅದಕ್ಕೆ. ಉತ್ತರ ನಲವತ್ತೇ ಎಂದ ಮೇಲೆ ಉಳಿಯುವುದೇನು ಬಂತು? ಮುಂಬದಿಯ ತಪ್ಪನ್ನು ಯಾರೋ ತಿದ್ದಿದ್ದರು, ಹಿಂಬದಿಯನ್ನು ಮರೆತಿದ್ದರು.

ಕದ್ದದ್ದು ಅಕಾಡೆಮಿ. ಸಾಕ್ಷಿ ಅವರದೇ ಪುಸ್ತಕದಲ್ಲಿತ್ತು.

ಅಕ್ಕುವಿಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ಕೇಳಿದಷ್ಟು ಕೊಟ್ಟು ಪುಸ್ತಕ ಚೀಲಕ್ಕೆ ಹಾಕಿದಳು. ಚೌಕಾಶಿ ಮಾಡದ ಹೆಂಗಸನ್ನು ಕಂಡು ಅಂಗಡಿಯವನಿಗೇ ಅನುಮಾನ ಬಂತು.

*

ಅಕ್ಕುವಿನ ಕಸುಬು ಬೇರೆ. ಠಾಣೆಯ ಒಂದು ಸಂಸ್ಥೆಗೆ ಅವಳು ಮದುವೆಗೆ ಮುಂಚಿನ ವಿಚಾರಣೆ ಮಾಡಿಕೊಡುತ್ತಾಳೆ. ಹುಡುಗನ ಕೆಲಸ ನಿಜವೇ, ಹುಡುಗಿಗೆ ಹಿಂದೆ ನಿಶ್ಚಯವಾಗಿತ್ತೇ, ಇಂಥವು. ಕಾರ್ಕಳದ ಕಡೆಯ ಮಾತು, ದುಂಡು ಮುಖ, ಕೈಯಲ್ಲೊಂದು ಚೀಲ. ಅವಳನ್ನು ಕಂಡರೆ ಯಾರೂ ಬಾಗಿಲು ಹಾಕುವುದಿಲ್ಲ, ಬದಲಿಗೆ ಚಹಾ ಕೊಟ್ಟು ನೆರೆಮನೆಯ ಕತೆ ಹೇಳುತ್ತಾರೆ.

ಜಾನಕಿಯ ಕೆಲಸವನ್ನು ಅವಳು ಒಪ್ಪಿಕೊಂಡದ್ದು ಋಣದಿಂದ. ಮಗಳು ಪ್ರಣೀತಾ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮನೆಯಲ್ಲಿ ಮಾತು ಬಿಟ್ಟು ಕೂತಿದ್ದಾಗ, ಅವಳ ಮುಂದೆ ಈ ಹಾಳೆಗಳನ್ನು ಹರಡಿದವಳು ಜಾನಕಿ. ಒಂದು ದಿನ ಹುಡುಗಿ, "ಮಮ್ಮಿ, ಟೀಚರ್‌ನೇ ಗಲತ್ ಕಿಯಾ ಹೈ!" ಟೀಚರೇ ತಪ್ಪು ಮಾಡಿದ್ದಾರೆ ಎಂದು ಕೂಗಿಕೊಂಡು ಅಡುಗೆಮನೆಗೆ ಓಡಿಬಂದಿದ್ದಳು. ಆ ಕೂಗು ಅಕ್ಕುವಿನ ಕಿವಿಯಲ್ಲಿ ಇನ್ನೂ ಇದೆ. ಅದನ್ನು ಕೊಟ್ಟವಳನ್ನು ಕಳ್ಳಿ ಎಂದರೆ ಅವಳಿಗೆ ಸಹಿಸಲಾಗುತ್ತಿರಲಿಲ್ಲ.

ವಿಠ್ಠಲವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅಕ್ಕು ಪುಸ್ತಕವನ್ನು ಮತ್ತೆ ತೆರೆದಳು. ಖುಷಿ ಇಳಿದ ಮೇಲೆ ಕಣ್ಣು ಚುರುಕಾಗುತ್ತದೆ.

ನಲವತ್ತು ಎಂಬ ಉತ್ತರದ ಸುತ್ತ ಒಂದು ಚೌಕವಿತ್ತು. ಒಂದು ಗೆರೆಯದಲ್ಲ, ಜೋಡಿ ಗೆರೆಯದು. ಅವಳು ಪುಸ್ತಕವನ್ನೆಲ್ಲ ಮಗುಚಿ ಹಾಕಿದಳು. ಬೇರೆ ಯಾವ ಉತ್ತರಕ್ಕೂ ಅಂಥ ಚೌಕವಿರಲಿಲ್ಲ. ಅಚ್ಚಿಗೆ ಜೋಡಿಸಿದವನು ಮುಂದಿದ್ದದ್ದನ್ನು ಕಣ್ಣು ಮುಚ್ಚಿ ನಕಲು ಮಾಡಿದ್ದ.

ಆ ಜೋಡಿ ಗೆರೆಯನ್ನು ಅಕ್ಕು ಮೊದಲೇ ನೋಡಿದ್ದಳು. ಜಾನಕಿಯ ಮನೆಯಲ್ಲಿ, ಬೇರೆ ಹಾಳೆಗಳ ಮೇಲೆ, ಕೆಂಪು ಶಾಯಿಯಲ್ಲಿ.

ಜಾನಕಿಯ ಗುಂಪು ದೊಡ್ಡದೇನಲ್ಲ. ತಾವು ಮಾಡುವ ಹಾಳೆಗಳಿಗೆ ಅವರು ಇಟ್ಟ ಹೆಸರು ಗಣಿತದ ಬುತ್ತಿ. ಬರೆಯುವವಳು ಜಾನಕಿ. ಅಂತರ್ಜಾಲಕ್ಕೆ ಏರಿಸುವವನು ವಾಶಿಯ ಪಕ್ಕದ ಸಾನಪಾಡಾದ ಕುಶಾಲ್, ಬೆಂಗಳೂರಿನ ಹುಡುಗ, ಐಟಿ ಕೆಲಸ. ನಡುವೆ ತಪ್ಪು ಹುಡುಕುವವರು ಕಲ್ಯಾಣದ ರಘುಪತಿ ಮಾಸ್ತರರು, ಗದಗಿನ ಕಡೆಯವರು, ನಿವೃತ್ತರು. ಅವರು ಕಂಪ್ಯೂಟರ್ ಮುಟ್ಟುವುದಿಲ್ಲ. ಅವರಿಗೆ ಕಾಗದವೇ ಬೇಕು, ಕೆಂಪು ಪೆನ್ನೇ ಬೇಕು, ಸರಿಯುತ್ತರಕ್ಕೆ ಜೋಡಿ ಗೆರೆಯ ಚೌಕವೇ ಆಗಬೇಕು.

ಅಂದರೆ ಅಕಾಡೆಮಿಯವರು ಈ ಲೆಕ್ಕವನ್ನು ಅಂತರ್ಜಾಲದಿಂದ ಎತ್ತಿಲ್ಲ. ಅಲ್ಲಿರುವುದು ನಲವತ್ತೈದು. ರಘುಪತಿ ತಿದ್ದಿದ ಕಾಗದ ಯಾರದೋ ಕೈಯಿಂದ ವಾಶಿಗೆ ಹೋಗಿದೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ.

ಆದರೆ ಜಾನಕಿ ಬೇರೆ ಮಾತು ಹೇಳಿದ್ದಳು. "ರೈಲಿನ ಲೆಕ್ಕದ ಹದಿನೇಳನೇ ಹಾಳೆಯನ್ನ ಸರ್ ನೋಡೇ ಇಲ್ಲ. ಆಗ ಅವ್ರು ಊರಿಗೆ ಹೋಗಿದ್ರು."

ಅಕ್ಕು ಕುಶಾಲನಿಗೆ ಫೋನ್ ಮಾಡಿದಳು.

"ಹಲೋ ಮೇಡಮ್! ಓಕೆ ಓಕೆ ಓಕೆ, ಹೇಳಿ," ಎಂದ ಕುಶಾಲ್. ಅವನ ಮಾತೆಲ್ಲ ಆ ಮೂರು ಓಕೆಗಳಿಂದಲೇ ಶುರುವಾಗುತ್ತಿತ್ತು.

"ಎಲ್ಲಿದ್ದೀರಿ ಮಾರಾಯ್ರೆ? ಸಾನಪಾಡಾಕ್ಕೆ ಬರುವಾ ಅಂತ."

"ಅಯ್ಯೋ, ನಾನು ಬೆಂಗ್ಳೂರಲ್ಲಿದೀನಿ. ಮಂಗಳವಾರ ಬರ್ತೀನಿ. ಏನಾದ್ರೂ ಅಪ್‌ಡೇಟ್ ಇದ್ಯಾ?"

"ಹಳೆಯ ಆವೃತ್ತಿ ಒಂದೂ ಉಳಿದಿಲ್ಲವಾ? ತಾರೀಕು ಇರುವಂಥದ್ದು?"

"ಸರ್ವರ್ ಶಿಫ್ಟ್ ಮಾಡುವಾಗ ಎಲ್ಲಾ ಹೋಯ್ತು ಅಂತ ಹೇಳಿದ್ನಲ್ಲ ಮೇಡಮ್. ನನ್ ಮಿಸ್ಟೇಕೇ. ಒಪ್ಕೋತೀನಿ."

"ಹದಿನೇಳನೆಯ ಹಾಳೆಯ ಕಾಗದ? ತಿದ್ದಿದ ಪ್ರತಿ?"

ಕುಶಾಲ್ ದನಿ ತಗ್ಗಿಸಿದ.

"ಪೇಪರ್ ಎಲ್ಲಾ ರಘುಪತಿ ಸರ್ ಡಿಪಾರ್ಟ್‌ಮೆಂಟು. ನಾನು ಮುಟ್ಟೋದೇ ಇಲ್ಲ. ಯಾಕೆ, ಅಂಥದ್ದೇನಾದ್ರೂ ಸಿಕ್ತಾ?"

"ಸುಮ್ಮನೆ ಕೇಳಿದೆ," ಎಂದು ಅಕ್ಕು ಫೋನಿಟ್ಟಳು. ಕಲ್ಯಾಣದ ಗಾಡಿ ಬಂತು.

*

ರಘುಪತಿಯವರ ಮನೆಯ ಬಾಗಿಲು ತೆರೆದವರು ಅವರ ಹೆಂಡತಿ ಚಂದವ್ವ. "ಬರ್ರಿ ಬರ್ರಿ, ಬಿಸಲಾಗ ಬಂದೀರಿ," ಎಂದು ಒಳಗೆ ಕೂರಿಸಿ, ಹೆಸರು ಕೇಳುವ ಮೊದಲೇ ಮಂಡಕ್ಕಿ ಹಚ್ಚಲು ಒಳಗೆ ಹೋದರು.

ರಘುಪತಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ನಿವೃತ್ತರಾಗಿ ವರ್ಷಗಳಾದರೂ ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನಿತ್ತು.

ಅಕ್ಕು ಸುತ್ತಿ ಬಳಸಲಿಲ್ಲ. ಅಕಾಡೆಮಿಯ ಪುಸ್ತಕ ತೆರೆದು ಅವರ ಮುಂದಿಟ್ಟಳು.

"ಈ ಚೌಕ ಯಾರದ್ದು ಸಾರ್?"

ರಘುಪತಿ ಕನ್ನಡಕ ಏರಿಸಿದರು. ನೋಡಿದರು. ಮುಖದಲ್ಲಿ ಮೊದಲು ಬಂದದ್ದು ಗಾಬರಿಯಲ್ಲ, ಮೆಚ್ಚುಗೆ.

"ಉತ್ತರ ಬರೋಬ್ಬರಿ ಐತಲ್ಲ!"

"ಉತ್ತರ ಕೇಳಿದ್ದಲ್ಲ. ಚೌಕ."

"ಚೌಕ ನನ್ನಂಥಾದ್ದಽ ಐತಿ." ಈಗ ಅವರ ಹುಬ್ಬು ಗಂಟಿಕ್ಕಿತು. "ಇದು ಇವರ ಪುಸ್ತಕದಾಗ ಹ್ಯಾಂಗ ಬಂತು?"

"ಅದನ್ನೇ ಕೇಳಲು ಬಂದದ್ದು. ಹದಿನೇಳನೆಯ ಹಾಳೆಯನ್ನು ನೀವು ತಿದ್ದಿದಿರಿ. ತಿದ್ದಿದ ಕಾಗದ ವಾಶಿಗೆ ಹೋಯಿತು. ನೀವು ಕೊಟ್ಟಿರಾ?"

ಮಾಸ್ತರರ ಮುಖ ಕೆಂಪಾಯಿತು.

"ಏನ್ ಮಾತಾಡ್ತೀರಿ ನೀವು? ನಾ ಆ ಅಕಾಡೆಮಿ ಬಾಗಲಾ ಸುದ್ದಾ ತುಳಿದಿಲ್ಲ! ಕಲಿಸೂದು ಮಾರೂ ಮಾಲ ಅಲ್ಲ ಅಂತ ಜೀವನಾ ಪೂರ್ತಿ ಹೇಳಿದಾಂವ ನಾನು."

"ಹಾಗೆ ಪುಕ್ಕಟೆ ಹಂಚುವುದೂ ನಿಮಗೆ ಸರಿ ಕಂಡಿರಲಿಲ್ಲವಂತೆ. ಜಾನಕಿ ಟೀಚರ್ ಹೇಳಿದ್ದು. ಹಾದಿಯಲ್ಲಿ ಬಡಿಸಿದ ಅನ್ನ ಅಂದಿರಂತೆ."

"ಅಂದೀನಿ. ಖರೆ ಅಂದೀನಿ. ತಪ್ಪು ಇದ್ದದ್ದು ಹಂಚಬ್ಯಾಡ್ರಿ ಅಂದೀನಿ. ಒಮ್ಮೆ ಹಂಚಿದ್ದು ತಿರುಗಿ ಬರೂದಿಲ್ಲ ನೋಡ್ರಿ. ಎಲ್ಲೆಲ್ಲೋ ಶಾಲಿಗೆ ಹೋಗತಾವ, ಯಾರ್ಯಾರೋ ಮಾಸ್ತರ್ರು ಕಲಸ್ತಾರ. ಮರಾಠಿಗೂ ಮಾಡ್ಕೊಂಡಾರ. ಮಾಡಬಾರದು ಅಂತಲ್ಲ, ಮಾಡ್ಲಿ. ಹೆಸರು ಹೇಳ್ಲಿ, ತಿದ್ಲಿ, ಮುಂದ ಕೊಡ್ಲಿ. ಆದ್ರ ಬುಡದಾಗ ತಪ್ಪಿರಬಾರದು."

ಅಕ್ಕುವಿಗೆ ಜಾನಕಿಯ ಮಾತು ನೆನಪಾಯಿತು. ಪುಕ್ಕಟೆ ಕೊಟ್ಟದ್ದನ್ನು ಕದಿಯುವುದು ಹೇಗೆ ಎಂದು ಅಕ್ಕು ಕೇಳಿದ್ದಕ್ಕೆ ಅವಳು ಹೇಳಿದ್ದಳು: "ಬಾವಿ ತೋಡಿದ್ದು ಎಲ್ಲರಿಗೂ ಅಂತಾನೇ. ಯಾರು ಬೇಕಾದ್ರೂ ಸೇದ್ಲಿ. ಆದ್ರೆ ಸೇದಿದವನು ಬಾವಿಗೇ ಬೀಗ ಹಾಕಿ, ತೋಡಿದವಳನ್ನ ಕಳ್ಳಿ ಅಂದ್ರೆ?"

"ಈ ಹಾಳೆಯನ್ನು ನೀವು ತಿದ್ದಿದ್ದು ಹೌದಾ ಅಲ್ಲವಾ ಸಾರ್? ಅಷ್ಟು ಹೇಳಿ."

"ತಿದ್ದೀನಿ. ನಲವತ್ತೈದು ಅಂತ ಬರದಿದ್ಲು. ಅಂಥಾ ಶಾಣ್ಯಾ ಹುಡುಗಿ ಇಂಥಾ ತಪ್ಪು ಮಾಡ್ಯಾಳಲ್ಲ ಅಂತ ಮನಸಿಗೆ ಕೆಟ್ಟ ಅನಿಸ್ತು. ನಲವತ್ತು ಬರದು, ಚೌಕ ಹಾಕಿ, ಪೆನ್ನು ಇಟ್ಟೆ."

"ಹಿಂಬದಿ?"

"ಹಿಂಬದಿ ಯಾಕ ನೋಡ್ಲಿ? ತಪ್ಪು ಬಂದಲ್ಲೆ ನಾ ನಿಂದರತೀನಿ. ಹುಡುಗರ ಪೇಪರನೂ ಹಂಗಽ ನೋಡಿದಾಂವ. ಮೊದಲು ಅದನ್ನ ಸರಿ ಮಾಡ್ಕೊಂಡು ಬರ್ರಿ, ಆಮ್ಯಾಲೆ ಮುಂದಿಂದು."

ಅಕ್ಕು ಕೈಚಾಚಿ ಪುಟ ತಿರುಗಿಸಿದಳು.

"ಈಗ ನೋಡಿ."

ರಘುಪತಿ ನಾಲ್ಕನೆಯ ಪ್ರಶ್ನೆಯ ಮೇಲೆ ಬೆರಳಿಟ್ಟು ಓದಿದರು. ಪುಟ ಹಿಂದಕ್ಕೆ ತಿರುಗಿಸಿದರು, ಮತ್ತೆ ಮುಂದಕ್ಕೆ. ಅವರ ತುಟಿ ಲೆಕ್ಕ ಮಾಡುತ್ತಿತ್ತು. ಅಕ್ಕು ಕಾದಳು.

"ಬೇಕಂತ ಮಾಡಿದ್ದು," ಎಂದರು ಕೊನೆಗೆ, ತೀರ ಮೆತ್ತಗೆ. "ಆ ತಪ್ಪು ಬೇಕಂತಽ ಇಟ್ಟಿದ್ದು. ಹುಡುಗರು ತಾವಽ ಹಿಡೀಲಿ ಅಂತ."

"ಹೌದು ಸಾರ್. ನನ್ನ ಮಗಳು ಹಿಡಿದಳು."

"ನನಗ ಹೇಳಿದ್ರ ಆಗತಿತ್ತಲ್ಲ!"

"ನಿಮಗೆ ಹೇಳಲು ಎಷ್ಟು ಜನರಿಗೆ ಧೈರ್ಯವುಂಟು?"

ಅವರು ಜೇಬಿನ ಪೆನ್ನನ್ನು ತೆಗೆದು ಮೇಜಿನ ಮೇಲಿಟ್ಟರು. ಇಷ್ಟು ವರ್ಷ ಬೇರೆಯವರ ತಪ್ಪು ಹುಡುಕಿದವರು, ತಮ್ಮದನ್ನು ಕಂಡಾಗ ಹೀಗೆ ಸಣ್ಣವರಾಗಿ ಕೂತದ್ದು ನೋಡಿ ಅಕ್ಕುವಿಗೆ ಪಾಪ ಅನಿಸಿತು. ಗದರಿಸಿದ್ದು ಹೆಚ್ಚಾಯಿತೇನೋ ಎಂದೂ ಅನಿಸಿತು. ಹಾಗೆಂದು ಕೇಳಬೇಕಾದದ್ದನ್ನು ಬಿಡುವಂತಿರಲಿಲ್ಲ.

"ಆ ಕಾಗದ ಯಾರ ಕೈಗೆ ಕೊಟ್ಟಿರಿ ಸಾರ್?"

"ಮತ್ಯಾರಿಗೆ? ಆಕಿಗೇ."

"ಯಾರಿಗೆ?"

"ಜಾನಕಿಗೆ. ಆಕಿ ಕೈಯಾಗಽ ಕೊಟ್ಟೀನಿ."

ಅಕ್ಕು ಪುಸ್ತಕವನ್ನು ಚೀಲಕ್ಕೆ ಸೇರಿಸಿದಳು. "ನೀವು ಆಗ ಊರಲ್ಲಿ ಇರಲಿಲ್ಲವಂತಲ್ಲ? ಗದಗಿಗೆ ಹೋಗಿದ್ದಿರಂತೆ?"

ಮಂಡಕ್ಕಿಯ ತಟ್ಟೆ ಹಿಡಿದು ಬಂದ ಚಂದವ್ವ ನಡುವೆ ಬಾಯಿ ಹಾಕಿದರು.

"ಹೋಗಿದ್ವಿ, ಖರೇನಽ. ಹೋಗೂ ಹಿಂದಿನ ದಿನಾ ಆಕಿ ಬಂದಿದ್ಲಲ್ಲವಾ. ನೀವು ಕುಂತಲ್ಲೇ ಕುಂತಿದ್ಲು. ನಾ ಗಂಟು ಕಟ್ಟೂದು ಗಿಟ್ಟೂದು ಮಾಡ್ಕೋತ ಇದ್ದೆ. ಆ ಹಾಳಿ ನೋಡಿ, ಮಡಚಿ, ಊಟದ ಡಬ್ಬಿ ಚೀಲದಾಗ ಇಟ್ಕೊಂಡ್ಲು. ನೀವು ಈ ಹಾಳಿ ತಿದ್ದೀರಿ ಅಂತ ಯಾರಿಗೂ ಹೇಳಬ್ಯಾಡ್ರಿ ಸರ್ ಅಂದ್ಲು. ಪಾಪ, ತಪ್ಪಾಗೇತಿ ಅಂತ ನಾಚಿಕಿ ಇರಬೇಕು ಅಂತ ನಾ ತಿಳದೆ."

"ಬೇರೆ ಪ್ರತಿ ಇತ್ತಾ?"

"ಒಂದಽ," ಎಂದರು ರಘುಪತಿ. "ನಾ ಎರಡು ಸಲ ತಿದ್ದೂದಿಲ್ಲ."

ಅಕ್ಕು ಮಂಡಕ್ಕಿ ಬಾಯಿಗೆ ಹಾಕಿಕೊಂಡಳು. ರುಚಿ ತಿಳಿಯಲಿಲ್ಲ. ಮದುವೆಯ ವಿಚಾರಣೆಯಲ್ಲಿ ಎರಡೂ ಕಡೆಯವರು ಸುಳ್ಳು ಹೇಳುತ್ತಾರೆ, ಅದು ಅವಳಿಗೆ ರೂಢಿ. ಆದರೆ ಈ ಕಡೆಯವಳು ಜಾನಕಿ. ಮಗಳಿಗೆ ಮಾತು ತಂದುಕೊಟ್ಟವಳು.

ಚೀಲದಲ್ಲಿದ್ದ ಪುಸ್ತಕವನ್ನು ಸೋಮವಾರ ಮಂಡಳಿಯ ಮುಂದಿಟ್ಟರೆ ಜಾನಕಿ ಕಳ್ಳಿಯಲ್ಲವೆಂದು ಸಾಬೀತಾಗುತ್ತದೆ. ಆದರೆ ಯಾರಾದರೂ ಆ ಚೌಕವನ್ನು ಕಂಡರೆ ರಘುಪತಿಯನ್ನು ಕರೆಸುತ್ತಾರೆ. ರಘುಪತಿ ಸುಳ್ಳು ಹೇಳುವ ಪೈಕಿಯಲ್ಲ. ಆ ಕಾಗದ ಜಾನಕಿಯ ಡಬ್ಬಿ ಚೀಲದಿಂದ ವಾಶಿಗೆ ಹೇಗೆ ನಡೆದುಹೋಯಿತು ಎಂಬ ಪ್ರಶ್ನೆ ಆಗ ಎದ್ದೇ ಏಳುತ್ತದೆ.

ಅವಳು ಬಾಲ್ಕನಿಗೆ ಹೋಗಿ ಜಾನಕಿಗೆ ಫೋನ್ ಮಾಡಿದಳು. ಒಂದು ಅವಕಾಶ ಕೊಡೋಣ ಎಂದೇ.

"ಟೀಚರ್, ಒಂದೇ ವಿಷಯ. ಹದಿನೇಳನೆಯ ಹಾಳೆಯನ್ನು ರಘುಪತಿ ಸಾರ್ ನೋಡಿದ್ದರಾ?"

ಜಾನಕಿ ಮಾತನ್ನೇ ಬದಲಿಸಿದಳು.

"ನಿಮಗೆ ಅಕಾಡೆಮಿಯ ಪುಸ್ತಕ ಸಿಕ್ಕಿದೆ, ಅಲ್ವಾ ಅಕ್ಕು?" ಎಂದಳು.

ಪುಸ್ತಕದ ಮಾತನ್ನು ಅಕ್ಕು ಈ ಮನೆಯ ಇಬ್ಬರನ್ನು ಬಿಟ್ಟು ಯಾರೊಡನೆಯೂ ಎತ್ತಿರಲಿಲ್ಲ. ಇಲ್ಲಿಂದ ಹೊರಗೆ ತಿದ್ದಿದ ಕಾಗದದ ಬಗ್ಗೆ ಕೇಳಿದ್ದು ಕುಶಾಲನನ್ನು ಮಾತ್ರ; ಅವನೇ ಜಾನಕಿಗೆ ಮುಟ್ಟಿಸಿರಬೇಕು.

"ಸಿಕ್ಕಿದೆ. ಹಿಂಬದಿಯಲ್ಲಿ ನಿಮ್ಮ ಐದು ಕಿಲೋಮೀಟರ್ ಹಾಗೇ ಉಂಟು. ಅವರು ಗೆಲ್ಲುವುದಿಲ್ಲ. ನೀವು ನನಗೆ ನಿಜ ಹೇಳಿದರೆ ಸಾಕು."

"ಅದನ್ನ ಎಲ್ಲಾದ್ರೂ ಬಿಸಾಕ್ಬಿಡಿ."

"ಎಂತ ಹೇಳ್ತಿದ್ದೀರಿ ಟೀಚರ್?"

"ನಾನು ಮಧ್ಯಾಹ್ನಾನೇ ಬರ್ದುಕೊಟ್ಬಿಟ್ಟೆ ಅಕ್ಕು. ಕದ್ದಿದ್ದು ನಾನೇ ಅಂತ. ಸಹಿ ಹಾಕಿ ಆಯ್ತು." ಜಾನಕಿಯ ದನಿ ನಡುಗಲಿಲ್ಲ. ಪಾಠ ಓದಿದ ಹಾಗೆ ಹೇಳುತ್ತಿದ್ದಳು. "ಬುತ್ತಿಯ ಹಾಳೆಗಳನ್ನೆಲ್ಲ ಇವತ್ತೇ ಅಳಿಸ್ತಾರೆ. ಪ್ರಣೀತಾಗೆ ಹೇಳಿ, ಅವಳು ತಪ್ಪನ್ನ ಸರಿಯಾಗೇ ಹಿಡಿದಿದ್ಲು ಅಂತ."

"ಟೀಚರ್, ಯಾರಾದರೂ ಪಕ್ಕದಲ್ಲಿ ಇದ್ದಾರಾ?"

ಫೋನು ಕೈಬದಲಾದ ಸರಬರ ಸದ್ದಾಯಿತು. ಅದರ ಹಿಂದೆಯೇ, ಬೆಂಗಳೂರಿನಲ್ಲಿರಬೇಕಾಗಿದ್ದ ಒಂದು ಗಂಡು ದನಿ ಸಮಾಧಾನದಿಂದ ಹೇಳಿತು:

"ಓಕೆ ಓಕೆ ಓಕೆ. ಸಾಕು ಮೇಡಮ್."

ಫೋನು ಕಟ್ಟಾಯಿತು.